ಪಿಎಸ್‌ಸಿ ಲಿಸ್ಟ್ ಬರುವ ತನಕ ಅಂತ ಸೇರಿದ ಹುಡುಗಿ: ಕಾಸರಗೋಡಿನ ಒಂದು ಪ್ರಕರಣ

ಸೇವಾ ಸಂಸ್ಥೆಗಳಿಗೆ ಕೆಲಸಕ್ಕೆ ಬರುವ ಹೆಚ್ಚಿನವರು ಸೇವೆ ಮಾಡಬೇಕು ಅಂತ ಬರುವುದಿಲ್ಲ. ಸಂಬಳ ಬೇಕು, ಮನೆ ಹತ್ತಿರ ಕೆಲಸ ಬೇಕು, ಬೇರೆ ಒಳ್ಳೆಯದು ಸಿಗುವ ತನಕ ಸುಮ್ನೆ ಕೂರುವುದು ಬೇಡ ಅಂತ ಬರುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಹಾಗೆ ಬಂದವರಲ್ಲಿ ಕೆಲವರು ಒಳಗಿಂದಲೇ ಬದಲಾಗಿ, ಆಮೇಲೆ ಎಲ್ಲಿದ್ದರೂ ಜನರ ಕೆಲಸವನ್ನು ಬಿಡುವುದಿಲ್ಲ. ಇನ್ನು ಕೆಲವರು ಒಂದೆರಡು ವರ್ಷಕ್ಕೇ ಸುಸ್ತಾಗಿ, ಇದರ ಸಹವಾಸವೇ ಬೇಡ ಅಂತ ಹೊರಟುಹೋಗುತ್ತಾರೆ. ಈ ಎರಡು ದಾರಿ ಎಲ್ಲಿ ಬೇರೆಯಾಗುತ್ತವೆ ಅಂತ ತಿಳಿಯಲು ನನಗೆ ಗೊತ್ತಿರುವ ಒಂದೇ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅದು ನಡೆದದ್ದು ಹಾಸಿಗೆ ಹಿಡಿದ ರೋಗಿಗಳನ್ನು ಅವರ ಮನೆಗೇ ಹೋಗಿ ನೋಡುವ ಒಂದು ಸಂಸ್ಥೆಯಲ್ಲಿ, ನಾನು ಅಲ್ಲೇ ಫೀಲ್ಡ್ ಕೆಲಸ ನೋಡಿಕೊಳ್ಳುತ್ತಿದ್ದೆ. ಈಗ ಸ್ವಯಂಸೇವಕರಿಗೆ ತರಬೇತಿ ಕೊಡುತ್ತೇನೆ.

ಈ ಪ್ರಕರಣದ ಹುಡುಗಿಯ ಒಪ್ಪಿಗೆ ಕೇಳಿದ್ದೇನೆ, ಅವಳು ಹೋಗುತ್ತಿದ್ದ ಒಂದು ಮನೆಯ ತಾಯಿಯದ್ದೂ. ಯಾರ ಹೆಸರನ್ನೂ ಬರೆದಿಲ್ಲ, ಪಂಚಾಯತ್ ಯಾವುದು, ಸಂಸ್ಥೆ ಯಾವುದು ಅಂತಲೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರಗಳನ್ನು ಆಚೀಚೆ ಮಾಡಿದ್ದೇನೆ. ಯಾವಾಗ ಯಾರು ಏನು ತೀರ್ಮಾನ ಮಾಡಿದರು ಅನ್ನುವುದನ್ನು ಮಾತ್ರ ಮುಟ್ಟಿಲ್ಲ.

ಹಿನ್ನೆಲೆ

ಕಾಸರಗೋಡಿನ ಹೊರಗಿನವರಿಗೆ ಇಲ್ಲಿನ ಒಂದು ಸಂಗತಿ ಹೇಳಲೇಬೇಕು. 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ಬೇರೆಯಾಗಿ ಈ ಭಾಗ ಕೇರಳಕ್ಕೆ ಸೇರಿತು. 1984ರಲ್ಲಿ ಜಿಲ್ಲೆ ಆಯಿತು. ಉತ್ತರದ ಪಂಚಾಯತ್‌ಗಳಲ್ಲಿ ಇವತ್ತಿಗೂ ಮನೆಯಲ್ಲಿ ತುಳು, ಕನ್ನಡ, ಮರಾಠಿ, ಬ್ಯಾರಿ, ಕೊಂಕಣಿ. ಆಫೀಸಿನಿಂದ ಬರುವ ಕಾಗದ ಹೆಚ್ಚಾಗಿ ಮಲಯಾಳದಲ್ಲಿ. ಕನ್ನಡ ಮೀಡಿಯಂನಲ್ಲಿ ಕಲಿತ, ಅಥವಾ ಶಾಲೆಗೇ ಹೋಗದ ಹಿರಿಯರಿಗೆ ಮಲಯಾಳ ಕೇಳಿದರೆ ಅಲ್ಪಸ್ವಲ್ಪ ಅರ್ಥ ಆಗುತ್ತದೆ, ಓದಲು ಬರುವುದಿಲ್ಲ. ಕಾಯಿಲೆ ಜೋರಾದರೆ ಓಡುವುದು ಮಂಗಳೂರಿಗೆ, ಸರ್ಕಾರದ ಸಹಾಯ ಬೇಕಾದರೆ ಹೋಗಬೇಕಾದದ್ದು ದಕ್ಷಿಣದ ಕಡೆಗೆ.

ಇನ್ನೊಂದು ಸಂಗತಿ ಗೇರು ತೋಟಗಳದ್ದು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಮುಳಿಯಾರು ಮುಂತಾದ ಕಡೆ ಸರ್ಕಾರಿ ಪ್ಲಾಂಟೇಶನ್‌ನ ಗೇರು ಗುಡ್ಡೆಗಳ ಮೇಲೆ ಟೀ ಸೊಳ್ಳೆ ಅನ್ನುವ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದರು. ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು, ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬಂದು ಬೀಳುವ ತೆರೆದ ಗುಂಡಿಗಳಿದ್ದವು. ಹುಟ್ಟುತ್ತಲೇ ಕೈಕಾಲು ಸ್ವಾಧೀನ ಇಲ್ಲದ, ತಲೆ ಮಾತ್ರ ಬೆಳೆದ, ಅಪಸ್ಮಾರ ಬರುವ ಮಕ್ಕಳ ಮನೆಗಳು ಇವತ್ತಿಗೂ ಈ ಗುಡ್ಡೆಗಳಲ್ಲಿ ಉಂಟು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಪಟ್ಟಿಯಲ್ಲಿರುವ ಪ್ರತಿಯೊಬ್ಬ ಸಂತ್ರಸ್ತರಿಗೂ 3 ತಿಂಗಳೊಳಗೆ 5 ಲಕ್ಷ ರೂಪಾಯಿ ಕೊಡಿ ಅಂತ ಕೇರಳ ಸರ್ಕಾರಕ್ಕೆ ಹೇಳಿತು. ಇದರಲ್ಲಿ ಮುಖ್ಯವಾದ ಮಾತು ‘ಪಟ್ಟಿಯಲ್ಲಿರುವ’ ಅನ್ನುವುದು. ಪಟ್ಟಿಗೆ ಸೇರಬೇಕಾದರೆ ವಿಶೇಷ ವೈದ್ಯಕೀಯ ಶಿಬಿರದಲ್ಲಿ ರೋಗಿಯನ್ನು ತೋರಿಸಬೇಕು. ಶಿಬಿರ ಯಾವಾಗ ಬೇಕೋ ಆವಾಗ ನಡೆಯುವುದಿಲ್ಲ.

ಈ ಹುಡುಗಿ ನಮ್ಮಲ್ಲಿಗೆ ಬಂದದ್ದು ತೀರ್ಪು ಬಂದ ವರ್ಷವೇ. ಬಿ.ಕಾಂ ಆಗಿತ್ತು. ಅಪ್ಪ ಅಡಿಕೆ ತೋಟದಲ್ಲಿ ಕೂಲಿಗೆ ಹೋಗುವವರು, ಅಮ್ಮ ಬೀಡಿ ಕಟ್ಟುವವರು. ಕನ್ನಡ ಮೀಡಿಯಂನಲ್ಲೇ ಕಲಿತವಳು, ಆದರೆ ಪಿಎಸ್‌ಸಿ (ಕೇರಳದ ಸರ್ಕಾರಿ ಕೆಲಸದ) ಪರೀಕ್ಷೆಗೆ ಅಂತ ಪೇಪರ್ ಓದಿ ಓದಿ ಮಲಯಾಳ ಗಟ್ಟಿ ಮಾಡಿಕೊಂಡಿದ್ದಳು. ಕನ್ನಡ ಮತ್ತು ಮಲಯಾಳ ಎರಡೂ ಗೊತ್ತಿರುವವರಿಗೆ ಅಂತಲೇ ಕಾಸರಗೋಡಿನಲ್ಲಿ ಎಲ್‌ಡಿ ಕ್ಲರ್ಕ್ ಹುದ್ದೆಗಳು ಉಂಟಲ್ಲ, ಅವಳ ಕಣ್ಣು ಅದರ ಮೇಲಿತ್ತು. ಇಂಟರ್‌ವ್ಯೂನಲ್ಲೇ ಹೇಳಿದ್ದಳು, “ರ‍್ಯಾಂಕ್ ಲಿಸ್ಟ್ ಬರುವ ತನಕ ಇರ್ತೇನೆ, ಅಷ್ಟೇ.” ಆ ನೇರ ಮಾತು ನನಗೆ ಇಷ್ಟ ಆಯಿತು.

ಅವಳ ಕೆಲಸ ವೋಚರ್ ಬರೆಯುವುದು, ಕ್ಯಾಶ್ ಬುಕ್ ಇಡುವುದು, ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿಯ 80ಜಿ ರಶೀದಿ ಕಳಿಸುವುದು, ದುಡ್ಡು ಕೊಡುವ ದೊಡ್ಡ ಸಂಸ್ಥೆಗೆ ಮೂರು ತಿಂಗಳಿಗೊಮ್ಮೆ ವರದಿ ಮಾಡುವುದು. ರೋಗಿಗಳ ಮನೆಗೆ ಹೋಗುವುದು ಸಿಸ್ಟರ್ ಮತ್ತು ಡ್ರೈವರ್. ಕೇರಳ 2008ರಲ್ಲೇ ಪಾಲಿಯೇಟಿವ್ (ವಾಸಿಯಾಗದ ಕಾಯಿಲೆಯವರ ಆರೈಕೆಯ) ನೀತಿ ತಂದ ರಾಜ್ಯ, ದೇಶದಲ್ಲೇ ಮೊದಲು. ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ ಮನೆಮನೆಗೆ ಹೋಗುವ ವ್ಯವಸ್ಥೆ ಇದೆ. ಆದರೆ ಅವರೊಬ್ಬರಿಗೆ ಇಡೀ ಪಂಚಾಯತ್. ನಡುವಿನ ದಿನಗಳಿಗೆ ನಮ್ಮ ತಂಡ.

ಸಮಸ್ಯೆ ಕಾಣಿಸಿದ್ದು ಹೇಗೆ

ನಮ್ಮ ಸಿಸ್ಟರ್ ದಕ್ಷಿಣ ಕೇರಳದವರು. ಕೆಲಸದಲ್ಲಿ ಅವರಷ್ಟು ಚುರುಕು ಯಾರೂ ಇರಲಿಲ್ಲ, ಆದರೆ ಮಲಯಾಳ ಬಿಟ್ಟು ಬೇರೆ ಬರುತ್ತಿರಲಿಲ್ಲ. ಡ್ರೈವರ್ ತುಳುವಿನಲ್ಲಿ ಕೇಳಿ ಮಲಯಾಳದಲ್ಲಿ ಹೇಳುತ್ತಿದ್ದರು. ಆ ಡ್ರೈವರಿಗೆ ಗಲ್ಫ್‌ಗೆ ವೀಸಾ ಬಂತು. ಬೇರೆಯವರು ಸಿಗುವ ತನಕ ಮಾತು ದಾಟಿಸಲು ಆಫೀಸಿನಿಂದ ಯಾರಾದರೂ ಹೋಗಬೇಕಾಯಿತು. ಲೆಕ್ಕ ಬರೆಯುವ ಹುಡುಗಿಯನ್ನು ಕಳಿಸಿದೆವು.

ಅವಳು ಹೋದ ಮನೆಗಳಲ್ಲಿ ಒಂದು ಗುಡ್ಡೆಯ ಮೇಲಿನದು. ಜೀಪು ಅರ್ಧಕ್ಕೆ ನಿಲ್ಲುತ್ತದೆ, ಮುಂದಕ್ಕೆ ಮುರಕಲ್ಲಿನ ಮೆಟ್ಟಿಲು. ತಾಯಿ, ಮತ್ತು ಇಪ್ಪತ್ತರ ಆಸುಪಾಸಿನ ಮಗ. ಅವನಿಗೆ ತಾನಾಗಿ ಕೂರಲು, ಮಗ್ಗುಲು ಬದಲಿಸಲು ಆಗುವುದಿಲ್ಲ. ಮಾತಿಲ್ಲ, ಅಪಸ್ಮಾರ ಉಂಟು. ಬೆನ್ನಿನ ಕೊನೆಯ ಎಲುಬಿನ ಹತ್ತಿರ ಮಲಗಿ ಮಲಗಿ ಹುಣ್ಣಾಗಿತ್ತು. ಸಿಸ್ಟರ್ ಡ್ರೆಸ್ಸಿಂಗ್ ಮಾಡುತ್ತಿದ್ದರು, ವಾಸಿಯಾಗುತ್ತಿರಲಿಲ್ಲ. ಯಾಕೆ ಅಂತ ಯಾರಿಗೂ ಗೊತ್ತಾಗಿರಲಿಲ್ಲ, ಯಾಕೆಂದರೆ ತಾಯಿ ಎಲ್ಲ ಪ್ರಶ್ನೆಗೂ ಹೂಂ ಅನ್ನುತ್ತಿದ್ದರು. ತಿರುಗಿಸಿ ಮಲಗಿಸುತ್ತೀರಾ? ಹೂಂ. ಊಟ ಸರಿ ಮಾಡುತ್ತಾನಾ? ಹೂಂ.

ಈ ಹುಡುಗಿ ಜಗಲಿಯಲ್ಲಿ ಕೂತು, ಬೀಡಿ ಎಲೆ ಕತ್ತರಿಸುತ್ತಿದ್ದ ಆ ಅಮ್ಮನ ಜೊತೆ ತುಳುವಿನಲ್ಲಿ ಬೇರೆಯೇ ವಿಷಯ ಮಾತಾಡಿದಳು. ತನ್ನ ಅಮ್ಮನೂ ಬೀಡಿ ಕಟ್ಟುವುದು, ಸಾವಿರ ಬೀಡಿಗೆ ಎಷ್ಟು, ಎಲೆ ಈಗ ಹೇಗೆ ಬರುತ್ತದೆ ಅಂತೆಲ್ಲ. ಅರ್ಧ ಗಂಟೆ ಆದ ಮೇಲೆ ಆ ತಾಯಿ ತಾವಾಗಿ ಹೇಳಿದರು. ಸೊಂಟ ಹಿಡಿದು ವರ್ಷ ಆಯಿತು, ಮಗ ಈಗ ದೊಡ್ಡವನಾಗಿದ್ದಾನೆ, ಎತ್ತಲು ಆಗುವುದಿಲ್ಲ. ಎಡಕ್ಕೆ ತಿರುಗಿಸಿದರೆ ರಾತ್ರಿ ಅಳುತ್ತಾನೆ, ಹಾಗಾಗಿ ಅಂಗಾತ ಮಲಗಿಸಿಯೇ ಬಿಡುವುದು. ಗಂಜಿಯನ್ನೂ ಮಲಗಿಸಿಯೇ ಕೊಡುವುದು. ಪ್ರತಿ ಸಲ ಗಂಜಿ ಕೊಟ್ಟಾಗ ಕೆಮ್ಮುತ್ತಾನೆ.

ಸಿಸ್ಟರಿಗೆ ಇದನ್ನು ಹೇಳಿದ ಕೂಡಲೇ ಅವರು ಎದ್ದು ನಿಂತರು. ಮಲಗಿಸಿ ಗಂಜಿ ಕೊಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು, ಇಂಥ ಮಕ್ಕಳು ಹೋಗುವುದೇ ಹೆಚ್ಚಾಗಿ ಹಾಗೆ. ಅವತ್ತೇ ಎರಡು ಹಳೆ ಸೀರೆಗಳನ್ನು ಸುತ್ತಿ ದಿಂಬು ಮಾಡಿ, ಬೆನ್ನಿಗೆ, ಕುತ್ತಿಗೆಗೆ ಕೊಟ್ಟು ಅವನನ್ನು ಕೂರಿಸಿದರು. ಗಲ್ಲ ಸ್ವಲ್ಪ ಕೆಳಗೆ ಬಾಗಿರಬೇಕು, ಚಮಚ ಸಣ್ಣದಿರಬೇಕು, ಒಂದು ತುತ್ತು ನುಂಗಿದ್ದು ಕಂಡ ಮೇಲೆ ಇನ್ನೊಂದು, ಊಟ ಆದ ಮೇಲೂ ಅರ್ಧ ಗಂಟೆ ಹಾಗೇ ಕೂತಿರಬೇಕು. ಹುಡುಗಿ ಒಂದೊಂದನ್ನೂ ತುಳುವಿನಲ್ಲಿ ಹೇಳಿದಳು. ಅವನು ಕೆಮ್ಮದೆ ಒಂದು ಬಟ್ಟಲು ಗಂಜಿ ಮುಗಿಸಿದ. ಎಡಕ್ಕೆ ತಿರುಗಿಸಿದರೆ ಅಳುವುದಕ್ಕೆ ಕಾರಣ ಆ ಬದಿಯ ಸೊಂಟದ ಕೀಲು ಜಾರಿದ್ದು ಅಂತ ಮುಂದಿನ ತಿಂಗಳು ಡಾಕ್ಟರ್ ನೋಡಿದಾಗ ಗೊತ್ತಾಯಿತು. ನೋವಿಗೆ ಔಷಧಿ ಶುರುವಾಯಿತು.

ಹೊರಡುವಾಗ ಆ ತಾಯಿ ಕಾಗದಗಳ ಪ್ಲಾಸ್ಟಿಕ್ ಕವರ್ ತಂದರು. ಮಂಗಳೂರು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಗಳು, ರೇಷನ್ ಕಾರ್ಡ್, ಮಡಚಿ ಮಡಚಿ ಅಂಚು ಹರಿದ ಒಂದು ಮಲಯಾಳ ಕಾಗದ. ಅದು ವೈದ್ಯಕೀಯ ಶಿಬಿರಕ್ಕೆ ಮಗನನ್ನು ಕರೆದುಕೊಂಡು ಬನ್ನಿ ಅಂತ ಬಂದ ನೋಟಿಸು. ದಿನ ಮುಗಿದುಹೋಗಿತ್ತು. “ಅದು ಎಂತದೋ ಕಾಗದ ಮಗಾ, ಕೊಟ್ಟು ಹೋದ್ರು. ಬೇಕಾಗ್ತದೆ ಅಂತ ಜೋಪಾನ ಇಟ್ಟಿದ್ದೇನೆ,” ಅಂದರು ಆ ತಾಯಿ.

ಆಫೀಸಿಗೆ ವಾಪಸ್ ಬಂದ ಮೇಲೆ ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು ಕೇಳಿದ್ದು ಒಂದೇ, ನಮ್ಮ ಪಟ್ಟಿಯ ಎಲ್ಲ ಮನೆಗಳ ಕವರ್‌ಗಳನ್ನೂ ನಾನು ಓದಬಹುದಾ ಅಂತ. ಈ ಪ್ರಕರಣದ ಮೊದಲ ತಿರುವು ಇದು ಅಂತ ನನ್ನ ಲೆಕ್ಕ. ಅವಳಿಗೆ ಬಂದದ್ದು ಬರೀ ಕನಿಕರ ಆಗಿದ್ದರೆ ನಾಲ್ಕು ದಿನದಲ್ಲಿ ಇಳಿದುಹೋಗುತ್ತಿತ್ತು. ತನಗೆ ಗೊತ್ತಿರುವ ಒಂದು ವಿದ್ಯೆ, ಅದೂ ಬೇರೆ ಯಾವುದೋ ಪರೀಕ್ಷೆಗೆ ಅಂತ ಕಲಿತದ್ದು, ಇಲ್ಲಿ ಒಂದು ಮನೆಯ ಗತಿಯನ್ನೇ ಬದಲಿಸಬಹುದಿತ್ತು ಅಂತ ಅವಳಿಗೆ ಕಂಡಿತು.

ಮಾಡಿ ನೋಡಿದ್ದು

ಮೊದಲು ಅವಳು ಎಲ್ಲವನ್ನೂ ತಾನೇ ಹೊತ್ತುಕೊಂಡಳು. ಹೊಸಬರು ಹೆಚ್ಚಿನವರು ಮಾಡುವುದು ಇದನ್ನೇ. ಎಲ್ಲ ಮನೆಗೂ ತನ್ನ ಸ್ವಂತ ನಂಬರ್ ಕೊಟ್ಟಳು. ರಾತ್ರಿ ಹತ್ತಕ್ಕೆ, ಹನ್ನೊಂದಕ್ಕೆ ಫೋನ್. ಒಬ್ಬರಿಗೆ ಔಷಧಿಗೆ ದುಡ್ಡಿಲ್ಲ, ಇವಳ ಸಂಬಳದಿಂದ ಹೋಯಿತು. ಇನ್ನೊಬ್ಬರಿಗೆ ರಿಕ್ಷಾ ಬಾಡಿಗೆ. ಭಾನುವಾರ, ಸರ್ಕಾರದ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಡುವ ಅಕ್ಷಯ ಸೆಂಟರಿನ ಹೊರಗೆ ಅರ್ಜಿ ಬರೆದುಕೊಡುತ್ತಾ ಕೂರುತ್ತಿದ್ದಳು. ಪಿಎಸ್‌ಸಿ ಪುಸ್ತಕ ಮೂಲೆಗೆ ಹೋಯಿತು. ಕ್ಯಾಶ್ ಬುಕ್ ಹಿಂದೆ ಬಿದ್ದು ಆಡಿಟರ್ ಕೇಳುವ ಹಾಗಾಯಿತು. ಮನೆಯಲ್ಲಿ ಅಮ್ಮನ ಜೊತೆ ಜಗಳ.

ಇಂಥ ಹೊತ್ತಿನಲ್ಲಿ ಸಂಸ್ಥೆಗಳು ಸಾಮಾನ್ಯವಾಗಿ ಹೊಗಳಿಬಿಡುತ್ತವೆ. ಎಂಥಾ ತ್ಯಾಗ, ಎಂಥಾ ಹುಡುಗಿ ಅಂತ ವಾರ್ಷಿಕ ವರದಿಯಲ್ಲಿ ಫೋಟೋ ಹಾಕಿಸುತ್ತವೆ. ಹಾಗೆ ಹೊಗಳಿಸಿಕೊಂಡವರು ಅರ್ಧದಲ್ಲಿ ಬಿಟ್ಟು ಹೋದದ್ದನ್ನು ನಾನು ನೋಡಿದ್ದೇನೆ. ನಾವು ಮೂರು ನಿಯಮ ಇಟ್ಟೆವು. ವಾರದಲ್ಲಿ ಎರಡು ದಿನ ಫೀಲ್ಡ್, ಉಳಿದ ದಿನ ಲೆಕ್ಕ. ಫೋನ್ ಸಂಸ್ಥೆಯದ್ದು, ಸಂಜೆಯ ನಂತರ ಅದು ಇಬ್ಬರ ನಡುವೆ ಸರದಿಯಲ್ಲಿ. ಸ್ವಂತ ದುಡ್ಡು ಒಂದು ರೂಪಾಯಿಯೂ ಕೊಡುವ ಹಾಗಿಲ್ಲ.

ಅವಳಿಗೆ ಸಿಟ್ಟು ಬಂತು. “ಹಾಗಾದ್ರೆ ರಾತ್ರಿ ಅವನಿಗೆ ಫಿಟ್ಸ್ ಬಂದ್ರೆ ಆ ಅಮ್ಮ ಯಾರನ್ನು ಕರೀಬೇಕು? ನಿಮ್ಮ ನಿಯಮವನ್ನಾ?” ಅಂತ ಎಲ್ಲರ ಎದುರೇ ಕೇಳಿದಳು. ಆ ಪ್ರಶ್ನೆಯಿಂದಲೇ ಮುಂದಿನ ಕೆಲಸ ಎಲ್ಲ ಶುರುವಾದದ್ದು. ಗುಡ್ಡೆಯ ಮೇಲಿನ ಮನೆಗೆ ರಾತ್ರಿ ಹೊತ್ತು ಇವಳು ಇಪ್ಪತ್ತು ಕಿಲೋಮೀಟರ್ ದೂರದಿಂದ ಬರಲು ಸಾಧ್ಯವೇ ಇಲ್ಲ, ನಂಬರ್ ಕೊಟ್ಟಿದ್ದರೂ. ಕೂಗಿದರೆ ಕೇಳುವಷ್ಟು ಹತ್ತಿರ ಯಾರಿದ್ದಾರೆ ಅಂತ ನೋಡಬೇಕಿತ್ತು.

ನಡುವೆ ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳನ್ನು ಕರೆತಂದು ನೋಡಿದೆವು. ಮೊದಲ ತಿಂಗಳು ಜೀಪು ತುಂಬ ಬಂದರು. ಪರೀಕ್ಷೆ ಬಂತು, ಮಳೆಗಾಲ ಬಂತು, ನಿಂತಿತು. ಮಕ್ಕಳದ್ದು ತಪ್ಪು ಅಂತ ನನಗನಿಸುವುದಿಲ್ಲ. ‘ಬಿಡುವಾದಾಗ ಬನ್ನಿ’ ಅಂತ ಕರೆದರೆ ಯಾರಿಗೂ ಬಿಡುವಾಗುವುದಿಲ್ಲ. ಯಾವ ಮನೆ, ಯಾವ ವಾರ, ಅಲ್ಲಿ ಹೋಗಿ ಏನು ಮಾಡಬೇಕು ಅಂತ ಹೇಳಿಕೊಟ್ಟ ಇಬ್ಬರು ಮಾತ್ರ ಡಿಗ್ರಿ ಮುಗಿಯುವ ತನಕ ಬಂದರು.

ನಿಜವಾಗಿ ಹಿಡಿದದ್ದು ನೆರೆಕರೆ. ಗುಡ್ಡೆಯ ಮನೆಯ ಕೆಳಗಡೆಯೇ ಒಂದು ಕುಟುಂಬಶ್ರೀ ಗುಂಪು ಇತ್ತು, ವಾರಕ್ಕೊಮ್ಮೆ ಉಳಿತಾಯದ ದುಡ್ಡು ಕಟ್ಟಲು ಸೇರುವ ಹೆಂಗಸರು. ಅವರು ಇಷ್ಟು ವರ್ಷ ಆ ಮನೆಗೆ ಯಾಕೆ ಬರುತ್ತಿರಲಿಲ್ಲ ಅಂತ ಕೇಳಿದರೆ ಉತ್ತರ ಸರಳ. ಬಂದು ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಮುಟ್ಟಿದರೆ ನೋವಾಗುತ್ತದೋ ಅಂತ ಹೆದರಿಕೆ, ಬರಿಗೈಯಲ್ಲಿ ಹೋಗುವುದು ಹೇಗೆ ಅಂತ ನಾಚಿಕೆ.

ಸಿಸ್ಟರ್ ಅವರನ್ನೇ ಅಲ್ಲಿಗೆ ಕರೆಸಿ ಕಲಿಸಿದರು, ಹುಡುಗಿ ತುಳುವಿನಲ್ಲಿ ಹೇಳಿದಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು, ಎಳೆದರೆ ಚರ್ಮ ಕಿತ್ತು ಬರುತ್ತದೆ. ಕೆಳಗೆ ಹಾಸಿದ ಬಟ್ಟೆಯನ್ನು ಎರಡು ಬದಿಯಿಂದ ಇಬ್ಬರು ಹಿಡಿದು ಎತ್ತಬೇಕು. ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಕೊನೆ, ಈ ಜಾಗಗಳಲ್ಲಿ ಕೆಂಪಾಗಿದೆಯಾ ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗಲೂ ಕೆಂಪು ಹಾಗೇ ಇದ್ದರೆ ಹುಣ್ಣು ಶುರುವಾಗುತ್ತಿದೆ ಅಂತ ಅರ್ಥ, ಆ ಬದಿಗೆ ಮಲಗಿಸಬಾರದು. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಏನೂ ತುರುಕಬಾರದು, ಹೊತ್ತು ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಬೇಕು. ಕೀಲಿಕೈ ಕೊಡಬೇಡಿ ಅಂದಾಗ ಒಬ್ಬರು ಅಜ್ಜಿ ನಂಬಲೇ ಇಲ್ಲ. ಸಿಸ್ಟರ್ ಸಿಟ್ಟಾಗದೆ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಯಾಕೆ ಅಂತ ವಿವರಿಸಿದರು.

ಬೀಡಿ ಕಟ್ಟುವ ಇಬ್ಬರು ತಮ್ಮ ಎಲೆ, ತಂಬಾಕಿನ ತಟ್ಟೆಯನ್ನು ಮಧ್ಯಾಹ್ನದ ಹೊತ್ತು ಈ ಮನೆಯ ಜಗಲಿಗೇ ತರಲು ಶುರುಮಾಡಿದರು. ಹೇಗೂ ಎಲ್ಲೋ ಕೂತು ಕಟ್ಟಬೇಕಲ್ಲ, ಇಲ್ಲೇ ಕಟ್ಟುವುದು. ತಿರುಗಿಸುವ ಹೊತ್ತಿಗೆ ಎರಡು ಜೋಡಿ ಕೈ ಸಿಕ್ಕಿತು. ಕೆಳಗಿನ ಬ್ಯಾರಿ ಮನೆಯ ಹುಡುಗನದ್ದು ರಿಕ್ಷಾ, ರಾತ್ರಿ ಕರೆದರೆ ಬರುವವನು ಅವನು. ಅವನ ತಂಗಿ ಪ್ಲಸ್ ಟೂ ಓದುತ್ತಿದ್ದಳು, ಮಲಯಾಳ ಕಾಗದ ಬಂದರೆ ಓದಿ ಹೇಳುವ ಕೆಲಸ ಅವಳದ್ದಾಯಿತು. ಹುಣ್ಣು ಒಣಗಲು ತಿಂಗಳುಗಳೇ ಬೇಕಾದವು. ಒಣಗಿತು.

ಪರೀಕ್ಷೆಗೆ ಒಡ್ಡಿದ ವರ್ಷಗಳು

2020ರ ಮಾರ್ಚಿನಲ್ಲಿ ಲಾಕ್‌ಡೌನ್. ಮಂಗಳೂರಿಗೆ ಹೋಗುವ ದಾರಿಯ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿಗೆ ಹೋಗಲಾಗದೆ ನಮ್ಮ ಕಡೆ ಜನ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ಬಿಡಿ ಅಂದರೂ ಓಡಾಟ ಸಲೀಸಾಗಲಿಲ್ಲ. ಈ ಮಗನ ಅಪಸ್ಮಾರದ ಮಾತ್ರೆ ಬರುತ್ತಿದ್ದದ್ದು ಮಂಗಳೂರಿನಿಂದ. ಅದನ್ನು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬಿಡದೆ ಬರಬಹುದು. ಆದರೆ ಹುಡುಗಿ ಪ್ರತಿ ಮನೆಯ ಔಷಧಿಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟಿದ್ದಳು, ಅದೂ ಕಂಪೆನಿಯ ಹೆಸರಿನ ಪಕ್ಕದಲ್ಲಿ ಒಳಗಿರುವ ಮದ್ದಿನ ಹೆಸರು, ಎಷ್ಟು ಮಿಲಿಗ್ರಾಂ ಎನ್ನುವುದೂ ಸೇರಿಸಿ. ಮನೆಯಲ್ಲೇ ಕೂತು ಫೋನ್ ಮಾಡಿ, ಡಾಕ್ಟರ್ ಹತ್ತಿರ ಕೇಳಿ, ಅದೇ ಮದ್ದಿನ ಬೇರೆ ಕಂಪೆನಿಯದ್ದು ಜಿಲ್ಲೆಯ ಒಳಗೇ ಹುಡುಕಿದಳು. ಆ ದಿನಗಳಲ್ಲಿ ಕೇರಳದ ಅಗ್ನಿಶಾಮಕ ದಳದವರು ಮನೆಗಳಿಗೆ ಔಷಧಿ ಮುಟ್ಟಿಸುತ್ತಿದ್ದರು, ಪೇಟೆಯ ತನಕ ಹಾಗೆ ಬಂತು. ಅಲ್ಲಿಂದ ರಿಕ್ಷಾ ಹುಡುಗ ಪೊಲೀಸರ ಪಾಸ್ ಮಾಡಿಸಿಕೊಂಡು ತಂದ. ಒಂದು ಹೊತ್ತಿನ ಮಾತ್ರೆಯೂ ತಪ್ಪಲಿಲ್ಲ.

ಅದೇ ಸೆಪ್ಟೆಂಬರಿನಲ್ಲಿ ಇನ್ನೊಂದು ಹೊಡೆತ. ವಿದೇಶಿ ದೇಣಿಗೆಯ ಕಾಯ್ದೆ ತಿದ್ದುಪಡಿ ಆಯಿತು. ಹೊರದೇಶದ ದುಡ್ಡು ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವ ಹಾಗಿಲ್ಲ ಅಂತಾಯಿತು, ಆಡಳಿತದ ಖರ್ಚಿನ ಮಿತಿ 50 ಶೇಕಡದಿಂದ 20ಕ್ಕೆ ಇಳಿಯಿತು. ನಮ್ಮ ಹಾಗಿನ ಸಣ್ಣ ಸಂಸ್ಥೆಗಳು ದೊಡ್ಡವರ ಮೂಲಕ ಬರುವ ದುಡ್ಡಿನಲ್ಲೇ ನಡೆಯುತ್ತಿದ್ದವು. ಅದು ನಿಂತಿತು. ಸಿಸ್ಟರ್ ಬೇರೆ ಕಡೆ ಹೋದರು. ಜೀಪು ಮಾರಿದೆವು. ಹುಡುಗಿ ಅರ್ಧ ಸಂಬಳಕ್ಕೆ ಉಳಿದಳು.

ಆ ಸ್ಥಿತಿಯಲ್ಲಿರುವಾಗಲೇ ಪಿಎಸ್‌ಸಿಯ ಅಡ್ವೈಸ್ ಮೆಮೊ, ಅಂದರೆ ಕೆಲಸಕ್ಕೆ ಆಯ್ಕೆಯಾದ ಕಾಗದ, ಬಂತು. ಜಿಲ್ಲೆಯ ಒಳಗೇ ಕ್ಲರ್ಕ್ ಕೆಲಸ.

ಈಗ ಅವಳಿಗೆ ಬೇಡ ಅನಿಸಿತ್ತು. ಅರ್ಧ ಸಂಬಳವಾದರೂ ಇಲ್ಲೇ ಇರುತ್ತೇನೆ, ಇವರನ್ನು ಬಿಟ್ಟು ಹೇಗೆ ಹೋಗುವುದು ಅಂದಳು. ನಾವು ಒಂದು ಸಂಜೆ ಕೂತು ಮಾತಾಡಿದೆವು. ನಾನು ಹೋಗು ಅಂತಲೇ ಹೇಳಿದೆ. ಅವಳ ಅಪ್ಪನಿಗೆ ವಯಸ್ಸಾಗಿತ್ತು, ಇಲ್ಲಿ ಮುಂದಿನ ವರ್ಷ ಸಂಬಳ ಇದೆಯೋ ಇಲ್ಲವೋ ಗೊತ್ತಿಲ್ಲ, ಮನೆಯ ಚಿಂತೆಯಲ್ಲಿರುವವರು ಬೇರೆಯವರ ಮನೆಗೆ ನೆಮ್ಮದಿಯಿಂದ ಹೋಗಲು ಆಗುವುದಿಲ್ಲ. ಅವಳು ತೀರ್ಮಾನಕ್ಕೆ ಬಂದದ್ದು ನನ್ನ ಮಾತಿನಿಂದಲ್ಲ. ಗುಡ್ಡೆಯ ತಾಯಿಯ ಹತ್ತಿರ ಹೋಗಿ ಹೇಳಿದಳಂತೆ. “ಆಫೀಸಿನ ಒಳಗೆ ನಮ್ಮ ಮಾತು ಗೊತ್ತಿದ್ದವರು ಒಬ್ಬರು ಕೂತರೆ ಒಳ್ಳೆಯದೇ ಅಲ್ವಾ ಮಗಾ,” ಅಂದರಂತೆ ಅವರು.

ನಮ್ಮ ವಲಯದಲ್ಲಿ ಕೆಲವರು ಅಂದರು, ಸೇವೆ ಸೇವೆ ಅಂತ ಇದ್ದವಳು ಕೊನೆಗೆ ಸರ್ಕಾರಿ ಕೆಲಸಕ್ಕೆ ಓಡಿದಳು ಅಂತ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ಎಂಡೋಸಲ್ಫಾನ್ ಸಿಂಪಡಣೆಯ ವಿರುದ್ಧ ನಮ್ಮ ಜಿಲ್ಲೆಯದೇ ಹೊಸದುರ್ಗದ ಕೋರ್ಟಿಗೆ ಹೋಗಿ 2000ದಲ್ಲಿ ತಡೆ ತಂದ ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರರಾಗಿದ್ದರು. ಎಣ್ಮಕಜೆಯ ಪಡ್ರೆ ಗ್ರಾಮದ ಡಾ. ಮೋಹನ ಕುಮಾರ್ ತಮ್ಮ ಕ್ಲಿನಿಕ್ಕಿನಲ್ಲೇ ಕೂತು, ಬರುವ ರೋಗಿಗಳಲ್ಲಿ ಏನೋ ಸರಿಯಿಲ್ಲ ಅಂತ ಗಮನಿಸಿ ಬರೆದವರು. ಇಬ್ಬರೂ ತಮ್ಮ ಸಂಬಳದ, ಸಂಪಾದನೆಯ ಕೆಲಸವನ್ನು ಬಿಟ್ಟು ಬಂದವರಲ್ಲ.

ಹೋಗುವ ಮೊದಲು ಅವಳು ಮಾಡಿದ ಕೆಲಸವನ್ನು ಬೇರೆ ಸಂಸ್ಥೆಯವರು ನೋಡಬೇಕು. ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದಳು. ಒಂದು ಮನೆಗೆ ಎದುರುಬದುರಾದ ಎರಡು ಪುಟ, ಎಡಗಡೆ ಕನ್ನಡ, ಬಲಗಡೆ ಮಲಯಾಳ. ಯಾವ ಔಷಧಿ, ಮುಗಿಯುವುದು ಯಾವಾಗ. ರಾತ್ರಿ ಕರೆಯಬೇಕಾದ್ದು ಯಾರನ್ನು. ಕಾಗದ ಓದಿ ಹೇಳುವುದು ಯಾರು. ಯಾವ ಅರ್ಜಿ ಯಾವ ಆಫೀಸಿನಲ್ಲಿದೆ, ಮತ್ತೆ ಕೇಳಬೇಕಾದ ದಿನ ಯಾವುದು. ಕೊನೆಯಲ್ಲಿ ಆ ಮನೆಯಲ್ಲಿ ಹೇಗೆ ಮಾತಾಡಬೇಕು ಅಂತ ಒಂದೆರಡು ಸಾಲು. ಗುಡ್ಡೆಯ ಮನೆಯ ಪುಟದಲ್ಲಿ ಹೀಗಿತ್ತು: “ಹೂಂ ಅಂದರೆ ಸರಿ ಅಂತ ತಿಳಿಯಬೇಡಿ. ಜಗಲಿಯಲ್ಲಿ ಕೂತು ಬೇರೆ ಮಾತಾಡಿ. ಅಮ್ಮನ ಸೊಂಟ ಹೇಗಿದೆ ಅಂತ ಮೊದಲು ಕೇಳಿ.” ತನ್ನ ಜಾಗಕ್ಕೆ ಬಂದ ಇಬ್ಬರು ಸ್ವಯಂಸೇವಕರ ಜೊತೆ ಪ್ರತಿ ಮನೆಗೂ ಹೋಗಿ, ಇನ್ನು ಇವರು ಬರುತ್ತಾರೆ ಅಂತ ಹೇಳಿ ಬಂದಳು.

ಆಮೇಲೆ

ಆಫೀಸಿನಲ್ಲಿ ಅವಳು ಗೊತ್ತಿದ್ದವರ ಫೈಲನ್ನು ಮುಂದಕ್ಕೆ ತಳ್ಳುವುದಿಲ್ಲ. ಅದನ್ನು ಬಹಳ ಕಟ್ಟುನಿಟ್ಟಾಗಿ ಇಟ್ಟುಕೊಂಡಿದ್ದಾಳೆ. ಅವಳು ಮಾಡುವುದು ಸಣ್ಣ ಸಂಗತಿಗಳು. ಅರ್ಜಿಯ ಜೊತೆ ಒಂದು ಕಾಗದ ಕಡಿಮೆ ಇದ್ದರೆ ವಾಪಸ್ ಕಳಿಸುವ ಬದಲು ಫೋನ್ ಮಾಡುತ್ತಾಳೆ. ಕನ್ನಡದ ಮನೆಗಳಿಗೆ ಹೋಗುವ ನೋಟಿಸಿನ ಜೊತೆ ಅದರ ಸಾರವನ್ನು ಕನ್ನಡದಲ್ಲಿ ಬರೆದ ಚೀಟಿ ಇಡಲು ಮೇಲಿನವರ ಹತ್ತಿರ ಅನುಮತಿ ಕೇಳಿ ಪಡೆದಳು. ಕನ್ನಡದಲ್ಲಿ ಬರೆದ ಅರ್ಜಿಯನ್ನು ಯಾರಾದರೂ ತಿರುಗಿಸಿ ಕಳಿಸಹೊರಟರೆ ಸಂವಿಧಾನದ 350ನೇ ವಿಧಿಯನ್ನು ತೋರಿಸುತ್ತಾಳೆ. ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕು ಅದರಲ್ಲಿದೆ. ತಿಂಗಳ ಎರಡನೇ ಶನಿವಾರ ಎರಡು ಮನೆಗಳಿಗೆ ಹೋಗುತ್ತಾಳೆ. ಎರಡೇ. ಜಾಸ್ತಿ ಹೊತ್ತುಕೊಳ್ಳುವುದಿಲ್ಲ.

ಗುಡ್ಡೆಯ ಮನೆಯ ವಿಷಯ ಹೇಳಬೇಕು. ಮಗನಿಗೆ ಅಂಗವಿಕಲತೆಯ ಯುಡಿಐಡಿ ಕಾರ್ಡ್ ಆಯಿತು. 18 ದಾಟಿದ ಮೇಲೆ ಅವನ ಹೆಸರಿನಲ್ಲಿ ಬ್ಯಾಂಕ್ ಖಾತೆ ನಡೆಸಲು ತಾಯಿಗೆ ಕಾನೂನಿನ ಅಧಿಕಾರ ಬೇಕು, 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯ ಸಮಿತಿಯಿಂದ ಪೋಷಕರ ಪ್ರಮಾಣಪತ್ರ ಸಿಕ್ಕಿತು. ಪಿಂಚಣಿ ಬರುತ್ತದೆ. ನೋಡಿಕೊಳ್ಳುವವರಿಗೆ ಕೊಡುವ ಆಶ್ವಾಸಕಿರಣಂ ಸಹಾಯಧನಕ್ಕೂ ಅರ್ಜಿ ಹಾಕಿಸಿದ್ದಾರೆ. ಮಳೆಗಾಲದಲ್ಲಿ ಒಮ್ಮೆ ಹುಣ್ಣು ಮತ್ತೆ ಎದ್ದಿತು, ನೆರೆಯ ಹೆಂಗಸರೇ ಕೆಂಪು ಕಂಡ ದಿನವೇ ಹಿಡಿದರು.

ಎಂಡೋಸಲ್ಫಾನ್ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಇಲ್ಲ. 2022ರ ಮೇಯಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಛೀಮಾರಿ ಹಾಕಿ, ಪಟ್ಟಿಯಲ್ಲಿದ್ದವರಿಗೆ ದುಡ್ಡು ಬರಲು ಶುರುವಾದಾಗ ಆಚೆ ಗುಡ್ಡೆಯ ಮನೆಗೆ 5 ಲಕ್ಷ ಬಂತು, ಈ ಮನೆಗೆ ಬರಲಿಲ್ಲ. “ಅವರಿಗೆ ಸಿಕ್ಕಿದ್ದು ಸಂತೋಷವೇ. ನಮ್ಮದು ಮಾತ್ರ ಯಾಕೆ ಮಗಾ ಹೀಗೆ?” ಅಂತ ಆ ತಾಯಿ ಕೇಳಿದ್ದಕ್ಕೆ ಇವಳ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಎರಡನೇ ಶನಿವಾರ ಮತ್ತೆ ಹೋದಳು. ನನ್ನ ಮಟ್ಟಿಗೆ ಇದು ಇಡೀ ಪ್ರಕರಣದ ಅತಿ ದೊಡ್ಡ ತಿರುವು. ಗೆದ್ದ ಮನೆಗೆ ಮತ್ತೆ ಹೋಗುವುದು ಸುಲಭ. ಸೋತ ಸಂಗತಿ ಎದುರಿಗೇ ಇರುವ ಮನೆಗೆ, ಕೊಡಲು ಏನೂ ಇಲ್ಲದೆ ಹೋಗಿ ಕೂರುವುದಕ್ಕೆ ಬೇರೆಯದೇ ಗಟ್ಟಿತನ ಬೇಕು. ಅದು ಅವಳಿಗೆ ಬಂದದ್ದು ವರ್ಷಗಟ್ಟಲೆ ಸಂಸ್ಥೆಯಲ್ಲಿ ಸರದಿ ಪ್ರಕಾರ ಹೋಗಿ ಹೋಗಿ ಆದ ರೂಢಿಯಿಂದ.

ಈ ಪ್ರಕರಣ ನೋಡಿದ ಮೇಲೆ ನಮ್ಮ ತರಬೇತಿಯನ್ನೇ ಬದಲಿಸಿದ್ದೇವೆ. ಹೊಸದಾಗಿ ಸೇರಿದವರಿಗೆ, ಅವರು ಟೈಪಿಂಗ್‌ಗೆ ಬಂದಿರಲಿ ಲೆಕ್ಕಕ್ಕೆ ಬಂದಿರಲಿ, ಮೊದಲ ತಿಂಗಳೊಳಗೆ ಒಂದು ಮನೆ ಗೊತ್ತು ಮಾಡುತ್ತೇವೆ. ಹತ್ತು ಮನೆ ಸುತ್ತಿಸಿದರೆ ಕಣ್ಣೀರು ಬರುತ್ತದೆ, ಒಂದೇ ಮನೆಗೆ ಮತ್ತೆ ಮತ್ತೆ ಕಳಿಸಿದರೆ ಮಾಡಬೇಕಾದ ಕೆಲಸ ಕಾಣುತ್ತದೆ. ನಿನಗೆ ಏನು ಬರುತ್ತದೆ ಅಂತ ಕೇಳುತ್ತೇವೆ. ಒಬ್ಬ ಹುಡುಗ ವೈರಿಂಗ್ ಗೊತ್ತು ಅಂದ, ಈಗ ಅವನು ಮನೆಗಳಲ್ಲಿ ಏರ್ ಬೆಡ್ಡಿನ ಪಂಪ್ ರಿಪೇರಿ ಮಾಡುತ್ತಾನೆ. ಸ್ವಂತ ದುಡ್ಡು, ಸ್ವಂತ ನಂಬರಿನ ನಿಯಮ ಹಾಗೇ ಇದೆ. ಸಿಟ್ಟು ಬಂದವರಿಗೆ ಕೂತು ವಿವರಿಸುತ್ತೇವೆ. ಬೇರೆ ಕೆಲಸ ಸಿಕ್ಕಿ ಹೋಗುವವರನ್ನು ತಡೆಯುವುದಿಲ್ಲ, ಆದರೆ ಪುಸ್ತಕದ ಎರಡು ಪುಟ ತುಂಬಿಸಿ, ಮುಂದಿನವರನ್ನು ಆ ಮನೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿಯೇ ಹೋಗಬೇಕು.

ಅಂಥ ಪುಸ್ತಕ ಶುರುಮಾಡುವವರಿಗೆ ಎರಡು ಮಾತು. ಫೋನಿನಲ್ಲಿ ಇಟ್ಟರೆ ಸಾಲದು, ಫೋನ್ ಬದಲಾಗುತ್ತದೆ, ಆಳೂ ಬದಲಾಗುತ್ತಾರೆ. ಇಟ್ಟ ಪುಸ್ತಕದ ಒಂದು ಪ್ರತಿ ಆ ಮನೆಯಲ್ಲೇ, ಕಾಗದಗಳ ಕವರಿನ ಒಳಗೇ ಇರಲಿ. ಮತ್ತೆ ಮನೆಯವರ ಒಪ್ಪಿಗೆ ಕೇಳದೆ ಕಾಯಿಲೆಯ ವಿವರ ಬರೆಯಬೇಡಿ. ಒಂದು ಮನೆಯವರು ಬೇಡ ಅಂದಿದ್ದರು, ಅವರ ಪುಟದಲ್ಲಿ ಔಷಧಿಯ ಹೆಸರು ಮತ್ತು ಫೋನ್ ನಂಬರ್ ಮಾತ್ರ ಉಂಟು, ಕೆಲಸ ಅದರಲ್ಲೇ ನಡೆಯುತ್ತಿದೆ.